ಕಾಡಂಚಿನ ಮನೆಯ ಬೆಕ್ಕಿಗೊಂದು ಬಲೆಯಂಗಳ



ಬೆಕ್ಕು ಸಾಕುವುದಕ್ಕೂ ತರಬೇತಿ ಬೇಕೆ, ಅದಕ್ಕೂ ಒಂದು ಭಾಷಣ ಬೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಹಸುವಿಗೆ ಕೊಟ್ಟಿಗೆಯಿದೆ, ಕುರಿಗೆ ದೊಡ್ಡಿಯಿದೆ, ಕೋಳಿಗೆ ಗೂಡಿದೆ. ಬೆಕ್ಕಿಗೆ ಮಾತ್ರ ನಾವು ಏನನ್ನೂ ಕಟ್ಟಿಲ್ಲ. ಹಾಲು ಹಾಕಿದರೆ ಕುಡಿಯುತ್ತದೆ, ಒಲೆಯ ಮಗ್ಗುಲಲ್ಲಿ ಮಲಗುತ್ತದೆ, ಕತ್ತಲಾದೊಡನೆ ಹೊರಟುಹೋಗುತ್ತದೆ. ಬಯಲುಸೀಮೆಯ ಊರಿನಲ್ಲಿ ಹೀಗೆ ನಡೆದೀತು. ಆದರೆ ಬಿಳಿಗಿರಿರಂಗನ ಬೆಟ್ಟದಂಥ ಸ್ಥಳದಲ್ಲಿ, ಅದರ ತಪ್ಪಲಿನ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ, ಹೀಗೆ ಹೊರಟ ಬೆಕ್ಕು ಬೆಳಿಗ್ಗೆ ಮರಳದೆ ಇರುವುದು ಅಪರೂಪದ ಸಂಗತಿಯಲ್ಲ.

ಈ ಬೆಟ್ಟಸಾಲಿನ ಸ್ವರೂಪವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1974ರಲ್ಲಿ ವನ್ಯಧಾಮವಾದ ಈ ಕಾಡು 1987ರಲ್ಲಿ ವಿಸ್ತಾರಗೊಂಡಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಅಂದರೆ ಇದು ಜನವಸತಿಯಿಲ್ಲದ ಕಾಡಲ್ಲ. ಸೋಲಿಗರ ಪೋಡುಗಳು, ರಂಗನಾಥಸ್ವಾಮಿಯ ದೇವಸ್ಥಾನದ ಸುತ್ತಲಿನ ಮನೆಗಳು, ಕಾಫಿ ತೋಟದ ಲೈನುಮನೆಗಳು, ಶಾಲೆ, ಆಸ್ಪತ್ರೆ ಎಲ್ಲವೂ ಇಲ್ಲಿವೆ. ಜನರಿರುವಲ್ಲಿ ರಾಗಿಯಿದೆ, ರಾಗಿಯಿರುವಲ್ಲಿ ಇಲಿಯಿದೆ, ಇಲಿಯಿರುವಲ್ಲಿ ಬೆಕ್ಕು ಬೇಕೇ ಬೇಕು. ಈ ಬೆಕ್ಕಿನ ಸುತ್ತ ಹುಲಿ, ಚಿರತೆ, ಸೀಳುನಾಯಿ, ಕರಡಿ, ಹೆಬ್ಬಾವುಗಳ ಲೋಕವಿದೆ.

ಇವುಗಳಲ್ಲಿ ಬೆಕ್ಕಿಗೆ ಮುಖ್ಯ ಶತ್ರು ಚಿರತೆ. ಅದು ಮನೆಯ ಹಿತ್ತಿಲವರೆಗೂ ಸದ್ದಿಲ್ಲದೆ ಬರುತ್ತದೆ. ನಾಯಿ, ಕೋಳಿ, ಬೆಕ್ಕು ಯಾವುದನ್ನೂ ಬಿಡುವುದಿಲ್ಲ. ಇಲ್ಲಿ ನಷ್ಟವಾಗುವುದು ಒಂದು ಬೆಕ್ಕು ಮಾತ್ರ ಎಂದು ತಿಳಿಯಬಾರದು. ಸುಲಭವಾಗಿ ಆಹಾರ ಸಿಕ್ಕಿದ ಹಿತ್ತಿಲಿಗೆ ಚಿರತೆ ಮತ್ತೆ ಬರುತ್ತದೆ. ಆ ಹಿತ್ತಿಲಿನಲ್ಲಿ ಮಕ್ಕಳೂ ಓಡಾಡುತ್ತಾರೆ. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ಕು ಜನ ಬಲಿಯಾದುದನ್ನು ಈ ಭಾಗದವರು ಮರೆತಿಲ್ಲ. ರಾತ್ರಿಯ ಹೊತ್ತು ಸಾಕುಪ್ರಾಣಿಯನ್ನು ಹೊರಗೆ ಬಿಡದಿರುವುದು ಮನೆಮಂದಿಯ ರಕ್ಷಣೆಯ ಮಾತೂ ಹೌದು.

ಪ್ರಶ್ನೆಗೆ ಇನ್ನೊಂದು ಮುಖವಿದೆ. ನಮ್ಮ ಬೆಕ್ಕು ಕಾಡಿಗೆ ಏನು ಮಾಡುತ್ತದೆ? ಈ ಕಾಡಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯನ್ನು ಬಿಡುವುದಿಲ್ಲವೆಂಬುದು ಬೆಕ್ಕು ಸಾಕಿದ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಆ ದೇಶದ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ರೋಗದ ಮಾತೂ ಉಂಟು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಪರೀಕ್ಷಿಸಿದಾಗ ಕೆಲವು ಸಿಂಹಗಳಲ್ಲಿ ನಾಯಿಗಳನ್ನು ಕಾಡುವ ಡಿಸ್ಟೆಂಪರ್ ವೈರಾಣು ಕಂಡುಬಂತು. ಹಾಗೆಯೇ ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿ ರೋಗ ಕಾಡಿನ ಮಾರ್ಜಾಲಗಳಿಗೂ ತಗಲಬಲ್ಲದು. ಸ್ಕಾಟ್ಲೆಂಡಿನ ಕಾಡುಬೆಕ್ಕು ಊರಬೆಕ್ಕಿನೊಡನೆ ಬೆರೆತು ಬೆರೆತು ತನ್ನ ಜಾತಿಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿದೆ.

ಹಾಗಾದರೆ ಬೆಕ್ಕನ್ನು ಕಟ್ಟಿಹಾಕಬೇಕೆ? ಬೇಡ. ಅದಕ್ಕೆ ಬಿಸಿಲು ಬೇಕು, ಗಾಳಿ ಬೇಕು, ಹತ್ತಲು ಎತ್ತರ ಬೇಕು, ನೋಡಲು ಹೊರಗಿನ ಲೋಕ ಬೇಕು. ಇವೆಲ್ಲವನ್ನೂ ಕೊಟ್ಟು ಅಪಾಯವನ್ನು ಮಾತ್ರ ಹೊರಗಿಡುವ ಉಪಾಯವೇ ಮನೆಗೆ ತಾಗಿದ ಬಲೆಯಂಗಳ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಮನೆಯ ಆವರಣದೊಳಗೇ ಸಾಕಬೇಕೆಂದು ಕಾನೂನಿದೆ. ಅಲ್ಲಿ ಇಂಥ ಅಂಗಳಗಳನ್ನು ಸಿದ್ಧಪಡಿಸಿಯೇ ಮಾರುತ್ತಾರೆ. ನಮ್ಮಲ್ಲಿ ಊರಿನ ಬಡಗಿ, ವೆಲ್ಡಿಂಗ್ ಅಂಗಡಿಯವರು ಇದನ್ನು ಮಾಡಿಕೊಡಬಲ್ಲರು.

ಮೊದಲು ಜಾಗದ ಆಯ್ಕೆ. ಮನೆಯ ಗೋಡೆಯೊಂದಕ್ಕೆ ತಾಗಿದಂತೆ, ಆ ಗೋಡೆಯಲ್ಲಿ ಒಂದು ಕಿಟಕಿ ಇರುವಂತೆ ಜಾಗ ಆರಿಸಿಕೊಳ್ಳಿ. ನಮ್ಮ ಕಿಟಕಿಗಳ ಸರಳುಗಳ ನಡುವೆ ಬೆಕ್ಕು ಸರಾಗವಾಗಿ ತೂರುತ್ತದೆ. ಆದ್ದರಿಂದ ಬೆಕ್ಕಿಗೆ ಬೇರೆ ಬಾಗಿಲು ಬೇಕಾಗುವುದಿಲ್ಲ. ಹಗಲು ಕಿಟಕಿಯ ಕದ ತೆರೆದಿದ್ದರೆ ಬೆಕ್ಕು ಒಳಗೂ ಹೊರಗೂ ಓಡಾಡಿಕೊಂಡಿರುತ್ತದೆ. ಸಂಜೆ ಬೆಕ್ಕನ್ನು ಒಳಗೆ ಕರೆದು ಕದ ಮುಚ್ಚಿದರಾಯಿತು. ಬೆಳಗಿನ ಬಿಸಿಲು ಬೀಳುವ ಪೂರ್ವದಿಕ್ಕು ಉತ್ತಮ. ಆನೆ ನಡೆಯುವ ದಾರಿಯ ಕಡೆಗೆ ಕಟ್ಟಬೇಡಿ. ಆನೆ ಮನಸ್ಸು ಮಾಡಿದರೆ ಯಾವ ಬಲೆಯೂ ನಿಲ್ಲುವುದಿಲ್ಲ. ಹಲಸು, ಬಾಳೆ ಇರುವ ಮಗ್ಗುಲೂ ಬೇಡ. ಸುತ್ತ ಹತ್ತು ಹದಿನೈದು ಅಡಿ ಲಂಟಾನ ಪೊದೆ ಇರದಂತೆ ನೋಡಿಕೊಳ್ಳಿ. ಈ ಬೆಟ್ಟದ ತುಂಬ ಹಬ್ಬಿರುವ ಈ ಪೊದೆ ಹಾವಿಗೂ ಚಿರತೆಗೂ ಒಳ್ಳೆಯ ಮರೆ.

ಇನ್ನು ಅಳತೆಗೆ ಬರೋಣ. ಒಂದೆರಡು ಬೆಕ್ಕಿಗೆ ಗೋಡೆಯುದ್ದಕ್ಕೆ 10 ಅಡಿ, ಗೋಡೆಯಿಂದ ಹೊರಕ್ಕೆ 6 ಅಡಿ, ಎತ್ತರ 7 ಅಡಿ ಸಾಕು. ಎತ್ತರ ಕಡಿಮೆ ಮಾಡಬೇಡಿ. ಒಳಗೆ ನಿಂತು ಗುಡಿಸುವವರು ನೀವು, ಮೇಲೆ ಹತ್ತಿ ಕೂರುವುದು ಬೆಕ್ಕು. ಎದುರು ಸಾಲಿಗೆ ಐದೈದು ಅಡಿಗೊಂದರಂತೆ ಮೂರು ಕಂಬ, ಗೋಡೆಗೆ ತಾಗಿ ಎರಡು ಕಂಬ, ಒಟ್ಟು ಐದು. ಪ್ರತಿ ಕಂಬ 9 ಅಡಿ ಇದ್ದು, 2 ಅಡಿ ನೆಲದೊಳಗೆ ಹೋಗಬೇಕು. ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ನಾಲ್ಕು ಅಂಗುಲದ ಕಂಬ ಆಗಬಹುದು. ಕಬ್ಬಿಣದ ಕಂಬ ಹೆಚ್ಚು ಬಾಳುತ್ತದೆ. ಸಂರಕ್ಷಿತ ಕಾಡಿನಿಂದ ಬಿದಿರು, ಮರ ಕಡಿದು ತರುವುದು ಮಾತ್ರ ಕೂಡದು. ಕಾಡಿನೊಳಗಿನ ಊರುಗಳಲ್ಲಿ ಕಟ್ಟುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಮರದ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ವಾಡಿಕೆ. ಬೆಕ್ಕಿನ ಅಂಗಳದಲ್ಲಿ ಇದು ಬೇಡ. ಬೆಕ್ಕು ಕಂಬಕ್ಕೆ ಮೈ ಉಜ್ಜುತ್ತದೆ, ಅನಂತರ ಮೈಯನ್ನು ನೆಕ್ಕಿಕೊಳ್ಳುತ್ತದೆ. ಎಣ್ಣೆ ಹೊಟ್ಟೆಗೆ ಹೋಗುತ್ತದೆ. ಹೂಳುವ ಭಾಗವನ್ನು ಬೆಂಕಿಯಲ್ಲಿ ಕರಿಯಾಗುವಂತೆ ಸುಟ್ಟು, ಸುತ್ತ ಜಲ್ಲಿ ಸಿಮೆಂಟು ಹಾಕಿ ನಿಲ್ಲಿಸುವುದು ಲೇಸು. ಇದೇ ಕಾರಣಕ್ಕೆ ನೆಲ ತೊಳೆಯಲು ಫಿನಾಯಿಲ್ ಕೂಡ ಬಳಸಬಾರದು. ಅದು ಬೆಕ್ಕಿಗೆ ವಿಷ. ಸೋಪಿನ ನೀರು ಸಾಕು.

ಬಲೆಯ ವಿಷಯದಲ್ಲಿ ಹಣ ಉಳಿಸಬೇಡಿ. ಕೋಳಿಗೂಡಿಗೆ ಬಳಸುವ ತೆಳುವಾದ ಆರುಮೂಲೆ ಬಲೆಯನ್ನು ನಾಯಿಯೇ ಹರಿಯುತ್ತದೆ. ನೈಲಾನ್ ಬಲೆಯನ್ನು ಕೋತಿ ಹರಿಯುತ್ತದೆ, ಹೆಗ್ಗಣ ಕಡಿಯುತ್ತದೆ. ಸತು ಲೇಪಿಸಿದ ವೆಲ್ಡ್ ಮೆಶ್ ತನ್ನಿ. ನೈಋತ್ಯ, ಈಶಾನ್ಯ ಎರಡೂ ಮಳೆಗಳನ್ನು ಕಾಣುವ ಈ ಬೆಟ್ಟದಲ್ಲಿ ಲೇಪವಿಲ್ಲದ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕಣ್ಣು ಒಂದು ಅಂಗುಲವಿರಲಿ. ನೆಲದಿಂದ ಮೂರು ಅಡಿಯವರೆಗೆ ಅರ್ಧ ಅಂಗುಲದ ಕಣ್ಣಿನ ಬಲೆಯಾದರೆ ಬೆಳೆದ ನಾಗರಹಾವು ತೂರುವುದಿಲ್ಲ. ಮರಿಹಾವು ನುಸುಳಬಹುದು, ಆದ್ದರಿಂದ ಬೆಳಿಗ್ಗೆ ಬೆಕ್ಕನ್ನು ಬಿಡುವ ಮುನ್ನ ಅಂಗಳದ ಮೂಲೆಗಳನ್ನು ಒಮ್ಮೆ ನೋಡುವುದು ಅಭ್ಯಾಸವಾಗಬೇಕು.

ಈ ಬಲೆಯನ್ನು ಕಂಬಗಳ ಒಳಮಗ್ಗುಲಿಗೆ ಬಡಿಯಿರಿ. ಹೊರಮಗ್ಗುಲಿಗೆ ಎರಡು ಅಂಗುಲ ಕಣ್ಣಿನ ಚೈನ್‌ಲಿಂಕ್ ಬೇಲಿಯನ್ನು ಬಿಗಿಯಾಗಿ ಎಳೆದು ಕಟ್ಟಿ. ಎರಡರ ನಡುವೆ ಕಂಬದ ದಪ್ಪದಷ್ಟು, ಅಂದರೆ ನಾಲ್ಕು ಅಂಗುಲ ಅಂತರ ತಾನಾಗಿ ಉಳಿಯುತ್ತದೆ. ಚಿರತೆಯ ಪಂಜ ಎರಡು ಅಂಗುಲದ ಕಣ್ಣಿನಲ್ಲಿ ತೂರುವುದಿಲ್ಲ. ಹೊರಗಿನಿಂದ ಉಗುರು ಚಾಚಿದರೂ ಒಳಬಲೆಗೆ ಒರಗಿ ಮಲಗಿದ ಬೆಕ್ಕಿಗೆ ತಾಗುವುದಿಲ್ಲ. ಬಲೆಗೆ ವಿದ್ಯುತ್ ಹರಿಸುವ ಯೋಚನೆಯನ್ನು ಮಾತ್ರ ಮಾಡಲೇಬೇಡಿ. ಅದು ಮನುಷ್ಯರ ಪ್ರಾಣಕ್ಕೇ ಅಪಾಯ, ಕಾನೂನಿನ ದೃಷ್ಟಿಯಲ್ಲೂ ಅಪರಾಧ.

ನೆಲದ ಕೆಳಗೆ ಏನಾಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಹೆಗ್ಗಣ, ಮುಂಗುಸಿ, ಮುಳ್ಳುಹಂದಿ, ಕಾಡುಹಂದಿ ಎಲ್ಲವೂ ನೆಲ ಕೆದಕುತ್ತವೆ. ಬಲೆಯನ್ನು ಒಂದು ಅಡಿ ಆಳಕ್ಕೆ ಇಳಿಸಿ, ಅಲ್ಲಿಂದ ಹೊರಕ್ಕೆ ಒಂದೂವರೆ ಅಡಿ ಮಡಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಬೇಕು. ಬೇಲಿಯ ಬುಡದಲ್ಲಿ ತೋಡಿದ ಪ್ರಾಣಿಗೆ ಬಲೆಯೇ ಅಡ್ಡ ಸಿಗುತ್ತದೆ.

ಲೆಕ್ಕ ಹೀಗಿದೆ. ಎದುರು ಬದಿಗೆ 70 ಚದರ ಅಡಿ, ಎರಡು ಪಕ್ಕಕ್ಕೆ 84, ಮೇಲ್ಗಡೆಗೆ 60, ನೆಲದೊಳಗಿನ ಮಡಿಕೆಗೆ 55, ಒಟ್ಟು 269. ಕತ್ತರಿಸುವಲ್ಲಿ ಹಾಳಾಗುವುದನ್ನೂ ಸೇರಿಸಿದರೆ ಸುಮಾರು 300 ಚದರ ಅಡಿ ಒಳಬಲೆ ಬೇಕು. ಹೊರಬೇಲಿಗೆ ಬೇರೆ ಲೆಕ್ಕ. ಮೇಲ್ಗಡೆಯ ಬಲೆಯನ್ನು ಬಿಡುವಂತಿಲ್ಲ. ಬೆಕ್ಕು ಹತ್ತಿ ಹೋಗುತ್ತದೆ, ಚಿರತೆ ಹತ್ತಿ ಬರುತ್ತದೆ. ಮೇಲ್ಗಡೆಯ ಅರ್ಧಭಾಗಕ್ಕೆ ಬಲೆಯ ಮೇಲೆ ಇಳಿಜಾರಾಗಿ ಹೆಂಚು ಅಥವಾ ತಗಡು ಹೊದಿಸಿದರೆ ಮಳೆಗೂ ಮಂಜಿಗೂ ಮರೆಯಾಗುತ್ತದೆ. ಉಳಿದರ್ಧ ಬಿಸಿಲಿಗೆ ತೆರೆದಿರಲಿ.

ಗುಡಿಸುವವರು ಹೋಗಿಬರಲು ಎರಡೂವರೆ ಅಡಿ ಅಗಲದ ಒಂದು ಬಾಗಿಲು ಸಾಕು. ಅದು ಒಳಕ್ಕೆ ತೆರೆಯಬೇಕು. ಮೇಲೊಂದು ಕೆಳಗೊಂದು ಚಿಲಕವಿರಲಿ. ಬರಿಯ ಕೊಂಡಿಯನ್ನು ಕೋತಿಗಳು ತೆಗೆಯುತ್ತವೆ. ಬೆಕ್ಕು ಮನೆಯೊಳಗಿದ್ದು ಕಿಟಕಿಯ ಕದ ಮುಚ್ಚಿದ್ದಾಗ ಮಾತ್ರ ಈ ಬಾಗಿಲನ್ನು ತೆರೆಯತಕ್ಕದ್ದು. ಈ ನಿಯಮವನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ.

ಒಳಗೆ ಏನಿರಬೇಕು? ಎರಡು ಮೂರು ಎತ್ತರದಲ್ಲಿ ಒಂದಡಿ ಅಗಲದ ಹಲಗೆಗಳು, ಉಗುರು ಮಸೆಯಲು ತೆಂಗಿನ ನಾರಿನ ಹಗ್ಗ ಸುತ್ತಿದ ಒಂದು ದಿಮ್ಮಿ, ಒಂದು ನೀರಿನ ಬಟ್ಟಲು, ಮರಳು ತುಂಬಿದ ಒಂದು ತಟ್ಟೆ. ಅಗಲ ಬಾಯಿಯ ಕುಂಡದಲ್ಲಿ ಒಂದು ಹಿಡಿ ಗೋಧಿ ಚೆಲ್ಲಿ. ಎಳೆಯ ಪೈರನ್ನು ಬೆಕ್ಕು ಇಷ್ಟಪಟ್ಟು ಮೇಯುತ್ತದೆ. ಲಿಲ್ಲಿ, ಕಣಗಿಲೆ, ಅಗ್ನಿಶಿಖೆ ಗಿಡಗಳು ಹತ್ತಿರವೂ ಇರಬಾರದು. ಅನ್ನ ಹಾಲನ್ನು ಅಂಗಳದಲ್ಲಿ ಇಡಬೇಡಿ. ಅದು ಕೋತಿ ಕರಡಿಗಳನ್ನು ಕರೆಯುತ್ತದೆ. ಊಟ ಮನೆಯೊಳಗೇ ಆಗಲಿ. ಮರಳಿನ ತಟ್ಟೆಯನ್ನು ದಿನವೂ ತೆಗೆದು, ಹೊಲಸನ್ನು ಹಳ್ಳದ ನೀರಿಗೆ ಎಸೆಯದೆ ಹೂಳಬೇಕು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಹರಡಬಹುದಾದ್ದರಿಂದ ಗರ್ಭಿಣಿಯರು ಈ ಕೆಲಸ ಮಾಡಬಾರದು.

ಬೆಕ್ಕನ್ನು ಒಳಗಿಟ್ಟರೆ ಇಲಿ ಹಿಡಿಯುವವರು ಯಾರೆಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲಿಗಳು ನಿಮ್ಮ ರಾಗಿಗೆ ಬರುವುದು ರಾತ್ರಿ, ಅದೂ ಮನೆಯೊಳಗೆ. ಬೆಕ್ಕು ರಾತ್ರಿ ಇರಬೇಕಾದ್ದೂ ಅಲ್ಲೇ. ಹೊರಗೆ ಅಲೆಯುವ ಬೆಕ್ಕು ಯಾರದೋ ಹೊಲದಲ್ಲಿ ಪಾಷಾಣ ತಿಂದ ಇಲಿಯನ್ನು ಹಿಡಿದು ತಾನೂ ಸಾಯುವ ಭಯ ಬೇರೆ. ಚಿರತೆಯ ನಾಡಿನಲ್ಲಿ ಬಲೆಯಂಗಳ ಹಗಲಿಗೆ ಮಾತ್ರ. ಎಷ್ಟು ಗಟ್ಟಿಯಾಗಿ ಕಟ್ಟಿದ್ದರೂ ರಾತ್ರಿ ಬೆಕ್ಕನ್ನು ಅಲ್ಲಿ ಬಿಡಬೇಡಿ.

ಮರಿಯಾಗಿದ್ದಾಗಲೇ ರೂಢಿ ಮಾಡಿಸುವುದು ಸುಲಭ. ದೊಡ್ಡ ಬೆಕ್ಕಾದರೆ ಮೊದಮೊದಲು ಕೂಗುತ್ತದೆ, ಬಲೆ ಪರಚುತ್ತದೆ. ದಿನವೂ ಹೊತ್ತು ಮುಳುಗುವ ಮುನ್ನ, ಒಂದೇ ಹೊತ್ತಿಗೆ, ಒಂದೇ ಕೂಗಿನಿಂದ ಕರೆದು ಒಳಗೆ ಊಟ ಹಾಕಿ. ಕೆಲವು ವಾರಗಳಲ್ಲಿ ಕರೆಯುವ ಮುಂಚೆಯೇ ಬಂದು ಕೂರುತ್ತದೆ. ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಸುಮಾರು ಎರಡು ತಿಂಗಳಿಗೆ ಈಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಬೆಕ್ಕಿನ ಇತರ ರೋಗಗಳ ಲಸಿಕೆಯನ್ನೂ ಹಾಕಿಸಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಇಷ್ಟೆಲ್ಲ ಖರ್ಚು ನಮ್ಮಿಂದಾಗದು ಎನ್ನುವ ಮನೆಗಳು ಈ ಬೆಟ್ಟದಲ್ಲಿ ಬಹಳ ಇವೆ. ಅವರಿಗೆ ಹೇಳುವುದಿಷ್ಟೆ. ಕತ್ತಲಾಗುವ ಮುನ್ನ ಬೆಕ್ಕನ್ನು ಒಳಗೆ ಕರೆದು ಬಾಗಿಲು ಮುಚ್ಚುವುದಕ್ಕೆ ಯಾವ ಖರ್ಚೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಅಪಾಯ ಅಲ್ಲಿಗೇ ಕಳೆಯುತ್ತದೆ. ಅನುಕೂಲವಾದಾಗ ಒಂದು ಕಿಟಕಿಯ ಹೊರಗೆ ಮೂರಡಿ ಚೌಕದ ಬಲೆಯ ಪೆಟ್ಟಿಗೆ ಕೂರಿಸಿದರೂ ಬೆಕ್ಕಿಗೆ ಬಿಸಿಲು ಕಾಯಲು ಜಾಗವಾಗುತ್ತದೆ.

ಹುಲಿಯನ್ನೇ ಹುಲಿವೀರಪ್ಪನೆಂದು ಪೂಜಿಸುವ ಸೋಲಿಗರ ನಾಡು ಇದು. ಇಲ್ಲಿ ಚಿರತೆಯನ್ನು ದೂರಿ ಪ್ರಯೋಜನವಿಲ್ಲ. ಅದರ ಕಾಡಿನಲ್ಲಿ ಅದು ಬದುಕುತ್ತಿದೆ. ನಮ್ಮ ಬೆಕ್ಕಿನ ಹೊಣೆ ನಮ್ಮದು. ಮಳೆಗಾಲಕ್ಕೆ ಮುನ್ನ, ನೆಲ ಒಣಗಿರುವಾಗಲೇ ಕಂಬದ ಗುಂಡಿ ತೋಡಿಸಿಕೊಳ್ಳಿ ಎಂದು ಸೂಚಿಸಿ, ಈ ಮಾತುಗಳನ್ನು ಮುಗಿಸುತ್ತೇನೆ.