ಮಂಜಿನ ದಾರಿಗೆ ಯಾವ ದೀಪ?

ಬೆಳಕು ಹೆಚ್ಚಿದಷ್ಟೂ ದಾರಿ ಚೆನ್ನಾಗಿ ಕಾಣುತ್ತದೆಂಬುದು ನಮ್ಮೆಲ್ಲರ ಸಹಜವಾದ ನಂಬಿಕೆ. ಅದು ಸುಳ್ಳಾಗುವುದನ್ನು ನೋಡಬೇಕಾದರೆ ಮಳೆಗಾಲದ ಮುಸ್ಸಂಜೆಯಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯಬೇಕು. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟವನ್ನೇರುತ್ತ ತಣ್ಣಗಾಗಿ ಮೋಡವಾಗುತ್ತದೆ; ಆ ಮೋಡವೇ ರಸ್ತೆಯ ಮೇಲೆ ಕುಳಿತಾಗ ನಾವು ಅದನ್ನು ಮಂಜೆನ್ನುತ್ತೇವೆ. ಅಲ್ಲಿ ಹೆಡ್‌ಲೈಟನ್ನು ಹೈ ಬೀಮಿಗೆ ಹಾಕಿದೊಡನೆ ಎದುರಿಗೆ ಬಿಳಿಯ ಗೋಡೆಯೊಂದು ಎದ್ದು ನಿಲ್ಲುತ್ತದೆ. ಕೋಟ್ಯಂತರ ನೀರಿನ ಕಣಗಳು ನಮ್ಮ ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ.

ಹೆಚ್ಚುವರಿ ದೀಪ ಹಾಕಿಸಬೇಕು, ಯಾವುದು ಒಳ್ಳೆಯದೆಂದು ಮಿತ್ರರು ಆಗಾಗ ನನ್ನನ್ನು ಕೇಳುತ್ತಾರೆ. ನಿಮಗೆ ದೂರ ಕಾಣಬೇಕೋ, ಹತ್ತಿರ ಕಾಣಬೇಕೋ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಏಕೆಂದರೆ ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುವ ಈ ದೀಪಗಳು ಎರಡು ಬೇರೆ ಜಾತಿಯವು.

ಡ್ರೈವಿಂಗ್ ಲೈಟ್ ಎಂಬುದು ಕಿರಿದಾದ ಬೆಳಕನ್ನು ಬಹುದೂರ ಎಸೆಯುತ್ತದೆ. ಬಯಲುಸೀಮೆಯ ನೇರವಾದ, ನಿರ್ಜನವಾದ ರಸ್ತೆಯಲ್ಲಿ, ಹೈ ಬೀಮಿನ ಜೊತೆಗೆ ಅದು ಉಪಯುಕ್ತ. ಫಾಗ್ ಲೈಟಿನ ಬೆಳಕಾದರೋ ಅಗಲ, ಚಪ್ಪಟೆ, ಮೇಲಂಚು ಕತ್ತರಿಸಿದಂತಿರುತ್ತದೆ. ಅದನ್ನು ನೆಲಕ್ಕೆ ಹತ್ತಿರವಾಗಿ, ಬಂಪರಿನ ಮಟ್ಟದಲ್ಲಿ ಕೂರಿಸಿದರೆ ಬೆಳಕು ಕಣ್ಣಿನ ಎದುರಿನ ಮಂಜನ್ನು ಬೆಳಗದೆ ರಸ್ತೆಯ ಅಂಚನ್ನೂ ತಿರುವನ್ನೂ ತೋರುತ್ತದೆ. ಅದನ್ನೇ ವಾಹನದ ನೆತ್ತಿಯ ಮೇಲೇರಿಸಿದರೆ ಅದರ ಗುಣವೇ ಹೋಯಿತು. ಯೂರೋಪಿನ ಮಾನಕದ ದೀಪವಾದರೆ ಗಾಜಿನ ಮೇಲಿನ ಗುರುತನ್ನು ನೋಡಿ: ‘ಬಿ’ ಅಥವಾ ‘ಎಫ್3’ ಎಂದಿದ್ದರೆ ಫಾಗ್ ಲೈಟು, ‘ಎಚ್‌ಆರ್’ ಎಂದಿದ್ದರೆ ದೂರದ ಹ್ಯಾಲೋಜನ್ ದೀಪ.

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆಂಬ ಮಾತು ಬಹಳ ಪ್ರಚಲಿತ. ಮಂಜಿನ ಕಣಗಳು ಬೆಳಕಿನ ಅಲೆಗಿಂತ ಅನೇಕ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಫ್ರಾನ್ಸ್ ದೇಶ ವಾಹನಗಳಿಗೆ ಕಡ್ಡಾಯ ಮಾಡಿದ್ದ ಹಳದಿ ದೀಪವನ್ನು 1993ರಲ್ಲಿ ಕೈಬಿಟ್ಟಿತು. ಹಳದಿ ಕೆಲವರ ಕಣ್ಣಿಗೆ ಹಿತವೆನಿಸಬಹುದು. ಆದರೆ ಬಣ್ಣಕ್ಕಿಂತ ಬೆಳಕಿನ ಆಕಾರವೇ ಮುಖ್ಯ.

ಇನ್ನು ತಂತಿಯ ಮಾತು. 55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬುಗಳು 12 ವೋಲ್ಟಿನ ಬ್ಯಾಟರಿಯಿಂದ 9 ಆಂಪಿಯರಿಗೂ ಮಿಕ್ಕಿದ ವಿದ್ಯುತ್ತನ್ನು ಎಳೆಯುತ್ತವೆ. ಅದನ್ನು ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಕರಗೀತು. ಪ್ರತ್ಯೇಕ ರಿಲೇ, ಫ್ಯೂಸು, ತಕ್ಕಷ್ಟು ದಪ್ಪನೆಯ ತಂತಿ ಇರಲೇಬೇಕು. ಎಲ್‌ಇಡಿ ದೀಪ ಕಡಿಮೆ ವಿದ್ಯುತ್ತಿನಲ್ಲಿ ಉರಿಯುತ್ತದೆ, ನಿಜ. ಆದರೆ ಹ್ಯಾಲೋಜನ್ನಿಗಾಗಿ ರೂಪಿಸಿದ ಬುರುಡೆಯೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕು ಅಂಕೆತಪ್ಪಿ ಚೆಲ್ಲುತ್ತದೆ.

ಹೀಗೆ ಚೆಲ್ಲಿದ ಬೆಳಕು ಬೀಳುವುದು ಎದುರಿನವನ ಕಣ್ಣಿಗೆ. ಕಿರಿದಾದ ಘಾಟಿಯ ತಿರುವಿನಲ್ಲಿ ಕ್ಷಣಕಾಲ ಕುರುಡಾದ ಲಾರಿ ಚಾಲಕ ನಮ್ಮ ಕಡೆಗೇ ಬರುತ್ತಿರುತ್ತಾನೆಂಬುದನ್ನು ಮರೆಯಬಾರದು. ಆದ್ದರಿಂದ ಕಟ್ಟಳೆ ಒಪ್ಪುವ ದೀಪವನ್ನೇ ಹಾಕಿಸಿ, ಗೋಡೆಯೆದುರು ನಿಲ್ಲಿಸಿ ಅದರ ಮಟ್ಟ ಸರಿಪಡಿಸಿ, ಮಂಜು ಕಳೆದೊಡನೆ ಆರಿಸಿಬಿಡಿ.

ಕಡೆಯದಾಗಿ ಒಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕಾಣುವುದು 20 ಮೀಟರ್ ಮಾತ್ರವಾದರೆ, ಒದ್ದೆಯಾದ ರಸ್ತೆಯಲ್ಲಿ ಅಷ್ಟರೊಳಗೆ ನಿಲ್ಲುವುದು ದುಸ್ಸಾಧ್ಯ. ಆಗ ಯಾವ ದೀಪವೂ ಕಾಲಿನ ಕೆಳಗಿನ ಬ್ರೇಕಿನಷ್ಟು ದಾರಿ ತೋರಲಾರದು.