ಗುಳೆ ಹೋದವರ ಹಾಜರಿ ಪುಸ್ತಕ



ತುಂಗಭದ್ರೆ ಕೊರ್ಲಹಳ್ಳಿಯ ಮಗ್ಗುಲಲ್ಲೇ ಹರಿಯುತ್ತಾಳೆ. ಹಮ್ಮಿಗಿಯಲ್ಲಿ ಬ್ಯಾರೇಜು ಆಯಿತು, ಸಿಂಗಟಾಲೂರು ಏತ ನೀರಾವರಿ ಬಂತು. ಆದರೂ ಮುಂಡರಗಿ, ಶಿರಹಟ್ಟಿ ಸೀಮೆಯ ಹಳ್ಳಿಗಳಿಂದ, ತಾಂಡಾಗಳಿಂದ ಸುಗ್ಗಿ ಮುಗಿಯುತ್ತಲೇ ಜನ ಗಂಟುಮೂಟೆ ಕಟ್ಟಿ ಗೋವಾ, ಮಂಗಳೂರು, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಉದ್ಯೋಗ ಮಾರುಕಟ್ಟೆ ಎಂದರೆ ಪತ್ರಿಕೆಗಳಲ್ಲಿ ಸಾಫ್ಟ್‌ವೇರ್, ಕೃತಕ ಬುದ್ಧಿಮತ್ತೆ ಎಂದೆಲ್ಲ ಓದುತ್ತೇವೆ. ನಮ್ಮ ಕಡೆಯ ಮಾರುಕಟ್ಟೆ ನಡೆಯುವುದು ಮೇಸ್ತ್ರಿ ಕೊಡುವ ಮುಂಗಡದ ಮೇಲೆ.

ಆ ಮುಂಗಡದ ಬಗ್ಗೆಯೇ ಇಂದು ಮಾತಾಡಬೇಕು. ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ ದುಡ್ಡು ಬೇಕಾದಾಗ ಮುಂಗಡ ಪಡೆದವನು ಮುಂದೆ ಕೂಲಿಯ ದರ ಕೇಳುವಂತಿಲ್ಲ. ದುಡಿಯುವ ಮೊದಲೇ ಅವನ ದುಡಿಮೆ ಮಾರಾಟವಾಗಿರುತ್ತದೆ. ಗೌಂಡಿ ಕೆಲಸ, ಸೆಂಟ್ರಿಂಗ್, ಟೈಲ್ಸ್ ಜೋಡಣೆಯಲ್ಲಿ ನಮ್ಮ ಹುಡುಗರು ಪಳಗಿದ್ದಾರೆ. ಆದರೆ ಅದಕ್ಕೆ ಒಂದು ಚೀಟಿಯ ಸಾಕ್ಷಿಯೂ ಇರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಕೆಲಸ ಕೊಟ್ಟವರನ್ನು ಅದನ್ನು ಕೇಳಿದರೆ ನಾಳೆಯ ಕೆಲಸ ತಪ್ಪೀತೆಂಬ ಅಂಜಿಕೆಯಿಂದ ಎಷ್ಟೋ ಮಂದಿ ಕೇಳುವುದೇ ಇಲ್ಲ. ಅವರ ಹೆಸರಿನಲ್ಲಿ ಕಟ್ಟಡದ ಮಾಲೀಕರು ಕಟ್ಟುವ ಸೆಸ್ ಮಾತ್ರ ಸಂಗ್ರಹವಾಗುತ್ತಲೇ ಇರುತ್ತದೆ.

ಹೆಣ್ಣಾಳಿನ ಸ್ಥಿತಿ ಇನ್ನೂ ಕಷ್ಟ. ಕಳೆ ತೆಗೆಯಲು, ಹತ್ತಿ ಬಿಡಿಸಲು ಅವಳೇ ಬೇಕು, ಪಗಾರ ಮಾತ್ರ ಗಂಡಾಳಿಗಿಂತ ಕಡಿಮೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕೆರೆ ಹೂಳೆತ್ತುವಾಗ ಇಬ್ಬರಿಗೂ ಒಂದೇ ಕೂಲಿ ಸಿಕ್ಕಿತು. 2025ರಲ್ಲಿ ನಮ್ಮ ರಾಜ್ಯಕ್ಕೆ ಅದು ದಿನಕ್ಕೆ 370 ರೂಪಾಯಿ ಆಗಿತ್ತು. ಒಂದು ಸಲ ಸಮಾನ ಕೂಲಿ ಎಣಿಸಿಕೊಂಡ ಹೆಣ್ಣುಮಗಳು ಕಡಿಮೆ ಕೂಲಿಯನ್ನು ಹಣೆಬರಹ ಎನ್ನುವುದಿಲ್ಲ. ಇನ್ನು ಡಿಗ್ರಿ ಮುಗಿಸಿಯೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಿಂದ ತಿಂಗಳಿಗೆ 3000 ರೂಪಾಯಿ ಇದೆ, ಆಸರೆಯೂ ಹೌದು. ಆದರೆ ಎರಡು ವರ್ಷಕ್ಕೆ ಅದು ನಿಲ್ಲುತ್ತದೆ.

ಊರ ಹತ್ತಿರವೇ ಕೆಲಸ ಎಂದಾಗ ಹಳೆಯದೊಂದು ಹೋರಾಟ ನೆನಪಾಗುತ್ತದೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದರು. ಗದುಗಿನ ತೋಂಟದ ಸಿದ್ಧಲಿಂಗ ಶ್ರೀಗಳು ರೈತರ ಜೊತೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಎರಿ ಭೂಮಿ ಉಳಿದದ್ದು ಸರಿಯೆಂದೇ ನನ್ನ ದೃಢ ನಂಬಿಕೆ. ಆದರೆ ಭೂಮಿಯೇ ಇಲ್ಲದವನು ಎಲ್ಲಿ ದುಡಿಯಬೇಕೆಂಬ ಪ್ರಶ್ನೆಗೆ ಗೆದ್ದ ಮೇಲೂ ಉತ್ತರ ಸಿಗಲಿಲ್ಲ.

ಆ ಉತ್ತರದ ದಾರಿ ನಮ್ಮ ಗದಗ ಜಿಲ್ಲೆಯಲ್ಲೇ ಇದೆ. 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಗೆ ರೈತನ ಬೆಳೆ ಹೋಗುತ್ತಿದ್ದ ಕಾಲ ಅದು. ಇಂದು ಮೇಸ್ತ್ರಿಯ ಮುಂಗಡಕ್ಕೆ ದುಡಿಮೆ ಹೋಗುತ್ತಿದೆ. ಆದ್ದರಿಂದ ದುಡಿಯುವವರದೇ ಸಹಕಾರ ಸಂಘ ಬೇಕು: ಕಷ್ಟಕ್ಕೆ ಮುಂಗಡವನ್ನು ಅದೇ ಕೊಡಲಿ, ಕೆಲಸದ ಗುತ್ತಿಗೆ ಅದೇ ಹಿಡಿಯಲಿ, ಪ್ರತಿಯೊಬ್ಬರ ಹಾಜರಿಯನ್ನೂ ಅದೇ ಬರೆಯಲಿ. ಜೊತೆಗೆ ಯಾರು ಯಾವ ಊರಿಗೆ, ಯಾರ ಕೈಕೆಳಗೆ ಹೋದರು ಎಂಬ ದಾಖಲೆ ಗ್ರಾಮ ಪಂಚಾಯಿತಿಯಲ್ಲಿರಲಿ. 2020ರ ಲಾಕ್‌ಡೌನಿನಲ್ಲಿ ಆ ದಾಖಲೆ ಇಲ್ಲದೆ ನಮ್ಮವರು ಪಟ್ಟ ಪಾಡು ನಿಮಗೇ ಗೊತ್ತು.

ಈ ಎರಡನ್ನೂ ಠರಾವಾಗಿ ಸಭೆಯ ಮುಂದಿಡುತ್ತಿದ್ದೇನೆ. ಊಟಕ್ಕೆ ಏಳುವ ಮೊದಲು ಸಂಘಕ್ಕೆ ಸೇರುವವರು ಮುಂದೆ ಬಂದು ಹೆಸರು ಬರೆಸಿ. ಹೆಣ್ಣುಮಕ್ಕಳ ಹೆಸರು ಮೊದಲು ಬರಲಿ.