ಮೇಣದಲ್ಲಿ ಉಳಿದ ಹಾಡು

ಮಕ್ಕಳೇ, ಒಂದು ಬಲೂನು ಊದಿ ಎರಡೂ ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಬಾಯಿ ಹತ್ತಿರ ತಂದು ‘ಆ...’ ಎಂದು ರಾಗ ಎಳೆಯಿರಿ. ಬೆರಳು ಜುಮುಜುಮು ಅನ್ನುತ್ತದೆ, ಅಲ್ಲವೇ? ನಿಮ್ಮ ದನಿ ಗಾಳಿಯನ್ನು ನಡುಗಿಸಿತು, ಗಾಳಿ ಬಲೂನನ್ನು ನಡುಗಿಸಿತು. ದನಿ ಅಂದರೆ ನಡುಕ. ಇಷ್ಟು ತಿಳಿದರೆ ಸಾಕು, ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಒಂದು ರಂಗಮಂದಿರಕ್ಕೆ ಹೋಗಿಬರೋಣ.

ಅದು ಅಮೆರಿಕದ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಒಪೆರಾ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಆಗ ಮೈಕು ಇರಲಿಲ್ಲ. ದೊಡ್ಡ ವಾದ್ಯಮೇಳವನ್ನೂ ಮೀರಿ ಗಾಯಕರ ಬರಿಯ ಕಂಠವೇ ಕೊನೆಯ ಸಾಲಿನವರೆಗೆ ಮುಟ್ಟಬೇಕಿತ್ತು.

ಅಲ್ಲಿ ಸಂಗೀತದ ಪುಸ್ತಕಗಳನ್ನು ಕಾಯುತ್ತಿದ್ದವರು ಲಯನೆಲ್ ಮೇಪಲ್ಸನ್. 1900ರಲ್ಲಿ ಅವರು ದನಿಯನ್ನು ಹಿಡಿದಿಡುವ ಒಂದು ಫೋನೋಗ್ರಾಫ್ ಕೊಂಡರು. ಎಡಿಸನ್ 1877ರಲ್ಲಿ ಕಂಡುಹಿಡಿದ ಯಂತ್ರದ ಮನೆಬಳಕೆಯ ರೂಪ ಅದು. ಅದನ್ನು ಹೊತ್ತು ಅವರು ರಂಗದ ಮೇಲಿನ ಎತ್ತರದ ಅಟ್ಟಕ್ಕೆ ಹತ್ತಿದರು. ನಾಟಕ ನಡೆಯುತ್ತಿದ್ದಾಗಲೇ ಅದರ ದೊಡ್ಡ ಕಹಳೆಯನ್ನು ಕೆಳಗಿನ ಗಾಯಕರತ್ತ ತಿರುಗಿಸಿದರು.

ಕಹಳೆ ದನಿಯನ್ನು ಒಟ್ಟುಗೂಡಿಸಿ ಒಂದು ತೆಳು ಬಿಲ್ಲೆಗೆ ತಲುಪಿಸುತ್ತದೆ. ಬಿಲ್ಲೆ ನಿಮ್ಮ ಬಲೂನಿನ ಹಾಗೇ ನಡುಗುತ್ತದೆ. ಅದಕ್ಕೆ ಅಂಟಿಕೊಂಡ ಮೊನೆ, ತಿರುಗುತ್ತಿರುವ ಮೇಣದ ಉರುಳೆಯ ಮೇಲೆ ಸಣ್ಣ ಗೀರು ಕೊರೆಯುತ್ತದೆ. ನಡುಕ ಹೇಗೋ ಹಾಗೆ ಗೀರಿನ ತಳದಲ್ಲಿ ಉಬ್ಬುತಗ್ಗು. ಉರುಳೆಯ ಉದ್ದ ಸುಮಾರು ನಾಲ್ಕು ಇಂಚು. ಎರಡು ನಿಮಿಷಕ್ಕೆ ಅದು ತುಂಬಿಬಿಡುತ್ತದೆ, ಹಾಡು ನಡುವೆಯೇ ನಿಂತುಹೋಗುತ್ತದೆ!

ಮತ್ತೆ ಕೇಳುವುದು ಹೇಗೆ? ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯುವಾಗ ದಾರಿಯ ಉಬ್ಬುತಗ್ಗೆಲ್ಲ ನಿಮ್ಮ ಕೈಗೆ ಬರುತ್ತದಲ್ಲ, ಹಾಗೆಯೇ ಗೀರಿನ ಮೇಲೆ ಹರಿಯುವ ಮುಳ್ಳು ಏರಿಳಿದು ಬಿಲ್ಲೆಯನ್ನು ಕುಣಿಸುತ್ತದೆ. ಆದರೆ ಸೈಕಲ್ ಓಡಾಡಿದಷ್ಟೂ ಆ ದಾರಿ ಸವೆಯುತ್ತದೆ. ಮೇಣವೂ ಅಷ್ಟೇ. ಪ್ರತಿ ಸಲ ಕೇಳಿದಾಗಲೂ ದನಿ ಒಂದಿಷ್ಟು ಅಳಿಸಿ, ಗರಗರ ಸದ್ದು ಹೆಚ್ಚುತ್ತದೆ. ಮೇಲೆ ಬೂಷ್ಟು ಬೇರೆ ಹಿಡಿಯುತ್ತದೆ.

ಹಾಗಾಗಿ ಇಂಥ ಉರುಳೆಗಳಿಗೆ ಮತ್ತೆ ಜೀವ ಕೊಡುವವರು ಬಹಳ ಮೃದುವಾಗಿ ಕೆಲಸ ಮಾಡುತ್ತಾರೆ. ಕೆಲವೆಡೆ ಮುಳ್ಳನ್ನು ತಾಗಿಸುವುದೇ ಇಲ್ಲ. ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಜೊತೆಗಾರರು ಗೀರಿನ ಚಿತ್ರವನ್ನು ಬೆಳಕಿನಿಂದಲೇ ತೆಗೆದು, ಕಂಪ್ಯೂಟರಿನಿಂದ ದನಿ ಹೊರಡಿಸುವ ದಾರಿ ಕಂಡುಕೊಂಡರು.

ಇನ್ನೊಂದು ಒಗಟಿದೆ. ಉರುಳೆಯನ್ನು ಎಷ್ಟು ವೇಗವಾಗಿ ತಿರುಗಿಸಬೇಕು? ವೇಗ ಹೆಚ್ಚಾದರೆ ದನಿ ಕೀರಲು, ಕಡಿಮೆಯಾದರೆ ಗೊಗ್ಗರು. ಈ ಒಗಟು ಬಿಡಿಸಲು ಆ ಹಾಡಿನ ಸ್ವರಪುಸ್ತಕವನ್ನು ತೆರೆಯುತ್ತಾರೆ. ಯಾವ ಶ್ರುತಿಯಲ್ಲಿ ಹಾಡಬೇಕೆಂದು ಅದರಲ್ಲಿ ಬರೆದಿರುತ್ತದೆ. ದನಿ ಆ ಶ್ರುತಿಗೆ ಕೂಡುವವರೆಗೆ ವೇಗವನ್ನು ಹೊಂದಿಸುತ್ತಾರೆ.

ಗರಗರ ಸದ್ದನ್ನು ಪೂರ್ತಿ ತೆಗೆದುಬಿಟ್ಟರೆ ಆಗದೇ? ಆಗದು, ಪುಟಾಣಿಗಳೇ. ‘ಸ’, ‘ಶ’ದಂಥ ಅಕ್ಷರಗಳ ಸುಯ್ಯೆನ್ನುವ ದನಿಯೂ ಆ ಸದ್ದಿನೊಳಗೇ ಬೆರೆತಿದೆ. ಅತಿಯಾಗಿ ಉಜ್ಜಿದರೆ ಗಾಯಕರೂ ಅಳಿಸಿಹೋಗುತ್ತಾರೆ. ಅದಕ್ಕೇ ಒಳ್ಳೆಯ ಕೆಲಸಗಾರರು ಸದ್ದನ್ನು ಸ್ವಲ್ಪ ಉಳಿಸಿ, ಮಿಕ್ಕ ಕೆಲಸವನ್ನು ನಮ್ಮ ಕಿವಿಗೆ ಬಿಡುತ್ತಾರೆ.

ನಮ್ಮ ಕಿವಿ ಜಾಣ! ಮೇಪಲ್ಸನ್ನರ ಉರುಳೆಗಳನ್ನು ಮೊದಲ ಸಲ ಕೇಳಿದಾಗ ಸದ್ದೇ ಸದ್ದು. ಎರಡನೆಯ ಸಲ ಅದರ ಹಿಂದೆ ಒಂದು ಕಂಠ ಏಳುತ್ತದೆ. ಆಸ್ಟ್ರೇಲಿಯಾದ ಗಾಯಕಿ ನೆಲ್ಲಿ ಮೆಲ್ಬಾ ಸರಸರನೆ ಸ್ವರಗಳ ಮೇಲೆ ಓಡುತ್ತಾರೆ. ಗಾಯಕರು ರಂಗದ ಮೇಲೆ ನಡೆದಾಡಿದಂತೆ ದನಿ ಹತ್ತಿರವಾಗಿ, ದೂರವಾಗುತ್ತದೆ. ಆಮೇಲೆ ಜನರ ಚಪ್ಪಾಳೆ! ಪೋಲೆಂಡಿನ ಹೆಸರಾಂತ ಗಾಯಕ ಜಾನ್ ಡಿ ರೆಷ್ಕೆ ಅವರ ದನಿಯಂತೂ ಇಂದು ಕೇಳಸಿಗುವುದು ಮೇಪಲ್ಸನ್ನರ ಉರುಳೆಗಳಲ್ಲಿ ಮಾತ್ರ.

ನೀವೂ ಒಂದು ಪ್ರಯೋಗ ಮಾಡಿ. ಶಾಲೆಯ ವಾರ್ಷಿಕೋತ್ಸವದ ಒಂದೇ ಹಾಡನ್ನು ಒಬ್ಬರು ವೇದಿಕೆಯ ಹತ್ತಿರದಿಂದ, ಇನ್ನೊಬ್ಬರು ಕೊನೆಯ ಸಾಲಿನಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಎರಡನ್ನೂ ಕಣ್ಣು ಮುಚ್ಚಿ ಕೇಳಿ. ಯಾವುದರಲ್ಲಿ ಹಾಡು ಚೆನ್ನಾಗಿದೆ, ಯಾವುದರಲ್ಲಿ ಆ ಸಂಜೆ ಚೆನ್ನಾಗಿ ಕೇಳಿಸುತ್ತದೆ? ಗೆಳೆಯರೊಂದಿಗೆ ಕೂತು ಮಾತಾಡಿ.